ಚಿತ್ರದೊಳಗಿನ ಮೂಕಚಿತ್ರ: ಅದರ ಗುರುತು ಮತ್ತು ಪ್ರಾಮಾಣ್ಯ

ಗತಕಾಲವನ್ನು ವಸ್ತುವಾಗಿ ಉಳ್ಳ ಇತ್ತೀಚಿನ ಚಲಚ್ಚಿತ್ರಗಳಲ್ಲಿ ಮತ್ತೆ ಮತ್ತೆ ಕಾಣಬರುವ ಸನ್ನಿವೇಶವೊಂದುಂಟು. ಕಥೆಯ ಪಾತ್ರಗಳು ಚಿತ್ರಮಂದಿರವೊಂದನ್ನು ಹೊಗುತ್ತವೆ, ದೀಪಗಳು ಆರುತ್ತವೆ, ತೆರೆಯ ಮೇಲೆ ಹಳೆಯ ಮೂಕಚಿತ್ರವೊಂದು ಕೆಲವು ಕ್ಷಣಗಳ ಕಾಲ ಮೂಡಿ ಮರೆಯಾಗುತ್ತದೆ. ಸಾಮಾನ್ಯ ಪ್ರೇಕ್ಷಕನಿಗೆ ಅದು ಕಥೆಯ ಹಿನ್ನೆಲೆ ಮಾತ್ರ. ಇತಿಹಾಸದ ವಿದ್ಯಾರ್ಥಿಯಾದರೋ ಅಲ್ಲಿ ಕೆಲವು ಪ್ರಶ್ನೆಗಳನ್ನು ಕೇಳಲೇಬೇಕು. ತೆರೆಯ ಮೇಲೆ ಕಂಡುದು ಯಾವ ಚಿತ್ರ? ಅದು ನಿಜವಾಗಿಯೂ ಹಳೆಯದೇ, ಅಥವಾ ಹಳೆಯದರಂತೆ ತೋರುವ ಹಾಗೆ ಹೊಸದಾಗಿ ತೆಗೆದುದೇ? ಹಳೆಯದೇ ಆಗಿದ್ದಲ್ಲಿ, ಕಥೆ ನಡೆಯುವ ಕಾಲದಲ್ಲಿ, ಆ ಊರಿನಲ್ಲಿ ಅದು ಪ್ರದರ್ಶಿತವಾಗಿರಲು ಸಾಧ್ಯವಿತ್ತೇ?

ಈ ಪ್ರಶ್ನೆಗಳು ಕೇವಲ ಕುತೂಹಲದವಲ್ಲ. ನಮ್ಮ ತರಗತಿಗಳಿಗೆ ಬರುವ ವಿದ್ಯಾರ್ಥಿಗಳಲ್ಲಿ ಹಲವರು ಮೂಕಚಿತ್ರವೊಂದನ್ನು ಇಡಿಯಾಗಿ ನೋಡಿರುವುದಿಲ್ಲ. ಆಧುನಿಕ ಚಿತ್ರಗಳ ಒಳಗೆ ಕಂಡ ಇಂತಹ ತುಣುಕುಗಳಿಂದಲೇ ಆ ಯುಗದ ಕಲ್ಪನೆ ಅವರಲ್ಲಿ ರೂಪುಗೊಂಡಿರುತ್ತದೆ. ಮೂಲಕೃತಿಗಳು ಉಳಿದಿರುವ ಕಡೆ ಈ ಕಲ್ಪನೆಯನ್ನು ತಿದ್ದುವುದು ಸುಲಭ. ಮೂಲಗಳೇ ನಾಶವಾಗಿರುವ ಕಡೆ ಅನುಕರಣವೇ ಮೂಲದ ಪೀಠವನ್ನು ಏರಿ ಕುಳಿತುಬಿಡುತ್ತದೆ. ಬೆಂಗಳೂರಿನ ಮೂಕಚಿತ್ರಗಳ ಸ್ಥಿತಿ ಈ ಎರಡನೆಯದು. ಆದುದರಿಂದ ಗುರುತಿಸುವಿಕೆಯ ಕ್ರಮವನ್ನು ಮೊದಲು ಜಪಾನಿನ ನಿದರ್ಶನಗಳಿಂದ ವಿವರಿಸಿ, ಅನಂತರ ಅದನ್ನು ನಮ್ಮ ನಾಡಿಗೆ ಅನ್ವಯಿಸುವುದು ಈ ಲೇಖನದ ಉದ್ದೇಶ.

ಇಲ್ಲಿ ನಮಗೆ ನೆರವಾಗುವ ಶಾಸ್ತ್ರವೊಂದು ನಮ್ಮಲ್ಲಿಯೇ ಇದೆ. ಅದು ಶಾಸನಶಾಸ್ತ್ರ. ಗಂಗರ ತಾಮ್ರಶಾಸನಗಳನ್ನು ಕುರಿತು ಬಿ. ಎಲ್. ರೈಸ್ ಮತ್ತು ಜೆ. ಎಫ್. ಫ್ಲೀಟ್ ಇವರ ನಡುವೆ ನಡೆದ ದೀರ್ಘವಾದ ವಾದವಿವಾದ ಕರ್ಣಾಟಕದ ಇತಿಹಾಸವನ್ನು ಓದುವವರೆಲ್ಲರಿಗೂ ಪರಿಚಿತವಾದುದು. ಆ ಶಾಸನಗಳಲ್ಲಿ ಅನೇಕವು ಕೂಟಶಾಸನಗಳೆಂದು ಫ್ಲೀಟ್ ವಾದಿಸಿದರು. ರೈಸ್ ಅವುಗಳ ಪ್ರಾಮಾಣ್ಯವನ್ನು ಸಮರ್ಥಿಸಿದರು. ಆ ವಾದದಿಂದ ನಮಗೆ ದೊರೆತ ಲಾಭವೆಂದರೆ ಪರೀಕ್ಷೆಯ ವಿಧಾನ. ಲಿಪಿ ಶಾಸನದಲ್ಲಿ ಹೇಳಿದ ಕಾಲಕ್ಕೆ ಒಪ್ಪುತ್ತದೆಯೇ? ತಿಥಿ ವಾರಗಳು ಗಣಿತಕ್ಕೆ ಹೊಂದುತ್ತವೆಯೇ? ಭಾಷೆಯಲ್ಲಿ ಅನಂತರದ ರೂಪಗಳು ನುಸುಳಿವೆಯೇ? ಇಷ್ಟೇ ಅಲ್ಲದೆ, ಕೂಟಶಾಸನವೂ ನಿರುಪಯುಕ್ತವಲ್ಲವೆಂಬುದು ಇದರಿಂದ ತಿಳಿಯುವ ಮತ್ತೊಂದು ಅಂಶ. ಅದು ತಾನು ಹೇಳಿಕೊಳ್ಳುವ ಕಾಲಕ್ಕೆ ಸಾಕ್ಷಿಯಲ್ಲ. ತನ್ನನ್ನು ಬರೆಸಿದವರ ಕಾಲಕ್ಕೆ, ಅವರ ಉದ್ದೇಶಕ್ಕೆ ಸಾಕ್ಷಿ.

ಚಿತ್ರದೊಳಗಿನ ಮೂಕಚಿತ್ರಗಳನ್ನೂ ಇದೇ ರೀತಿಯಲ್ಲಿ ಮೂರು ವರ್ಗಗಳಾಗಿ ವಿಂಗಡಿಸಬಹುದು. ಉಳಿದುಬಂದ ಮೂಲ ಚಿತ್ರದಿಂದ ತೆಗೆದ ಭಾಗ ಮೊದಲನೆಯದು. ಹಿಂದೆ ಇದ್ದ ಚಿತ್ರವೊಂದನ್ನು ಇಂದಿನ ನಟರಿಂದ ಮತ್ತೆ ಆಡಿಸಿ ತೆಗೆದ ಪುನಾರಚನೆ ಎರಡನೆಯದು. ಎಂದೂ ಇಲ್ಲದಿದ್ದ ಚಿತ್ರವೊಂದನ್ನು ಕಲ್ಪಿಸಿ ಹಳೆಯದರ ವೇಷ ತೊಡಿಸಿದುದು ಮೂರನೆಯದು.

ಜಪಾನಿನ ಚಿತ್ರಗಳಲ್ಲಿ ಈ ಮೂರನ್ನೂ ಬೇರ್ಪಡಿಸುವ ಅಗತ್ಯ ವಿಶೇಷವಾಗಿ ಒದಗಿ ಬರುತ್ತದೆ. ಅಲ್ಲಿ ಮೂಕಚಿತ್ರಗಳ ಸಂಖ್ಯೆ ಅಪಾರವಾಗಿತ್ತು, ಉಳಿದುದು ಅತ್ಯಲ್ಪ. 1923ರ ಸೆಪ್ಟೆಂಬರ್ 1ರಂದು ಟೋಕಿಯೊ ಪ್ರಾಂತದಲ್ಲಿ ಸಂಭವಿಸಿದ ಭೂಕಂಪ ಹಾಗೂ ಅದರ ಬೆನ್ನಿಗೆ ಹಬ್ಬಿದ ಬೆಂಕಿ ಒಂದು ಕಾರಣ. ಎರಡನೆಯ ಮಹಾಯುದ್ಧದ ಬಾಂಬುದಾಳಿ ಮತ್ತೊಂದು. ಸುಲಭವಾಗಿ ಹೊತ್ತಿಕೊಳ್ಳುವ, ಕಾಲಾಂತರದಲ್ಲಿ ತಾನಾಗಿಯೇ ಕೊಳೆಯುವ ನೈಟ್ರೇಟ್ ಫಿಲ್ಮಿನ ಗುಣ ಮೂರನೆಯದು. ಹೀಗಿರುವಲ್ಲಿ, ಆ ಯುಗವನ್ನು ಚಿತ್ರಿಸಹೊರಟ ನಿರ್ದೇಶಕನಿಗೆ ಬೇಕಾದ ಮೂಲ ದೊರೆಯದಿರುವುದೇ ಹೆಚ್ಚು.

ಸುಒ ಮಸಯುಕಿ 2019ರಲ್ಲಿ ನಿರ್ದೇಶಿಸಿದ ‘ಕತ್ಸುಬೆನ್!’ ಇದಕ್ಕೆ ಉತ್ತಮ ಉದಾಹರಣೆ. ಮೂಕಚಿತ್ರ ನಡೆಯುತ್ತಿರುವಾಗ ತೆರೆಯ ಪಕ್ಕದಲ್ಲಿ ನಿಂತು ಕಥೆಯನ್ನು ನಿರೂಪಿಸಿ ಪಾತ್ರಗಳ ಮಾತುಗಳನ್ನೂ ಆಡುತ್ತಿದ್ದ ‘ಬೆನ್‌ಶಿ’ ಎಂಬ ಕಥಕರ ಜೀವನ ಅದರ ವಸ್ತು. ಅಲ್ಲಿ ತೆರೆಯ ಮೇಲೆ ಕಾಣುವ ಮೂಕಚಿತ್ರಗಳನ್ನು ಆ ಚಿತ್ರಕ್ಕಾಗಿಯೇ ಹೊಸದಾಗಿ ಚಿತ್ರೀಕರಿಸಲಾಯಿತು. ಹಯಾಶಿ ಕೈಝೊ 1986ರಲ್ಲಿ ತೆಗೆದ ‘ಯುಮೆ ಮಿರು ಯೋನಿ ನೆಮುರಿತಾಯ್’ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಕೊನೆಯಿಲ್ಲದೆ ನಿಂತುಹೋದ ಹಳೆಯ ಕತ್ತಿವರಸೆಯ ಮೂಕಚಿತ್ರವೊಂದು ಅದರ ಕಥೆಯ ಕೇಂದ್ರ. ಅಂತಹ ಚಿತ್ರ ಎಂದೂ ಇರಲಿಲ್ಲ. ಅದು ಸಂಪೂರ್ಣವಾಗಿ ಕಲ್ಪಿತವಾದುದು. ಆದರೆ ಅದರಲ್ಲಿ ಬೆನ್‌ಶಿಯಾಗಿ ಕಾಣಿಸಿಕೊಂಡ ಮತ್ಸುದಾ ಶುನ್ಸುಯ್ ನಿಜವಾದ ಬೆನ್‌ಶಿ, ಮೂಕಚಿತ್ರಗಳ ಹೆಸರಾಂತ ಸಂಗ್ರಾಹಕ. ಕಲ್ಪಿತ ಚಿತ್ರಕ್ಕೆ ನಿಜವಾದ ಧ್ವನಿ! ಇಂತಹ ಮಿಶ್ರಣವೇ ಪರೀಕ್ಷಕನ ಎಚ್ಚರಿಕೆಯನ್ನು ಕೇಳುವಂತಹುದು.

ಹಾಗಾದರೆ ಪರೀಕ್ಷೆ ಹೇಗೆ? ಮೊದಲು ಒಳಗಿನ ಆಧಾರಗಳನ್ನು ನೋಡಬೇಕು. ಜಪಾನಿನಲ್ಲಿ 1910ರ ದಶಕದ ಕೊನೆಯವರೆಗೆ ಸ್ತ್ರೀಪಾತ್ರಗಳನ್ನು ಬಹುತೇಕ ಗಂಡಸರೇ ವಹಿಸುತ್ತಿದ್ದರು. ನಮ್ಮ ಕಂಪನಿ ನಾಟಕಗಳ ಸಂಪ್ರದಾಯವನ್ನು ಬಲ್ಲವರಿಗೆ ಇದು ಆಶ್ಚರ್ಯವೆನಿಸದು. 1920ರ ದಶಕದ ಆರಂಭದ ವರ್ಷಗಳಲ್ಲಿ ನಟಿಯರು ಆ ಸ್ಥಾನವನ್ನು ಪಡೆದರು. ಅದೇ ರೀತಿ, ಜಪಾನಿನ ಮೊದಲ ಪ್ರಸಿದ್ಧ ಚಿತ್ರನಟನಾದ ಒನೊಎ ಮತ್ಸುನೊಸುಕೆ ಹಾಗೂ ನಿರ್ದೇಶಕ ಮಕಿನೊ ಶೋಝೊ ಇವರ ಚಿತ್ರಗಳಲ್ಲಿ ಕ್ಯಾಮರಾ ಬಹುಮಟ್ಟಿಗೆ ದೂರದಲ್ಲಿ ನಿಶ್ಚಲವಾಗಿ ನಿಂತು, ಕಬುಕಿ ರಂಗವನ್ನು ನೋಡುವ ಪ್ರೇಕ್ಷಕನಂತೆ ನಟರ ಪೂರ್ಣಾಕೃತಿಯನ್ನು ಗ್ರಹಿಸುತ್ತದೆ. 1921ರ ‘ಜಿರೈಯ’ ಚಿತ್ರದ ಉಳಿದಿರುವ ಭಾಗದಲ್ಲಿ ಇದನ್ನು ಕಾಣಬಹುದು. 1925ರಲ್ಲಿ ಬಾಂದೊ ತ್ಸುಮಸಬುರೊ ನಟಿಸಿದ ‘ಒರೊಚಿ’ಯ ವೇಳೆಗೆ ಕಾಳಗದ ಗತಿ, ಕ್ಯಾಮರಾದ ಚಲನೆ, ಮುಖದ ಸಮೀಪಚಿತ್ರಣ ಎಲ್ಲವೂ ಬದಲಾಗಿದ್ದವು. ಆದುದರಿಂದ 1915ರಲ್ಲಿ ನಡೆಯುವ ಕಥೆಯ ಚಿತ್ರಮಂದಿರದಲ್ಲಿ ನಟಿಯೊಬ್ಬಳ ಕಣ್ಣೀರನ್ನು ಸಮೀಪಚಿತ್ರಣದಲ್ಲಿ ತೋರಿಸುವ ಜಪಾನೀ ಚಿತ್ರ ಕಂಡರೆ ಸಂಶಯಕ್ಕೆ ಎಡೆಯುಂಟು. ಅದಕ್ಕೆ ವಿರುದ್ಧವಾಗಿ, 1933ರ ಕಥೆಯಲ್ಲಿ ಮೂಕಚಿತ್ರ ಕಂಡಿತೆಂಬ ಒಂದೇ ಕಾರಣದಿಂದ ಅದನ್ನು ಕಾಲವಿರೋಧವೆಂದು ತಳ್ಳಿಹಾಕಲಾಗದು. 1931ರಲ್ಲಿ ಗೋಶೊ ಹೈನೊಸುಕೆಯ ವಾಕ್ಚಿತ್ರ ಬಂದಿದ್ದರೂ, ಬೆನ್‌ಶಿಗಳ ಜನಪ್ರಿಯತೆ ಹಾಗೂ ಹೊಸ ಯಂತ್ರಗಳ ವೆಚ್ಚಗಳ ಕಾರಣದಿಂದ ಅಲ್ಲಿ ಮೂಕಚಿತ್ರಗಳು ಆ ದಶಕದ ಮಧ್ಯದವರೆಗೂ ತಯಾರಾದವು. ಓಝು ಯಸುಜಿರೊವಿನಂತಹ ನಿರ್ದೇಶಕನೂ 1935ರಲ್ಲಿ ಮೂಕಚಿತ್ರ ತೆಗೆದನು.

ಎರಡನೆಯದು ಫಿಲ್ಮಿನ ಭೌತಿಕ ಲಕ್ಷಣಗಳು. ಮೂಕಚಿತ್ರಗಳನ್ನು ಕೈಯಿಂದ ತಿರುಗಿಸುವ ಕ್ಯಾಮರಾದಲ್ಲಿ, ಸಾಮಾನ್ಯವಾಗಿ ಸೆಕೆಂಡಿಗೆ 16ರಿಂದ 20 ಚೌಕಟ್ಟುಗಳಂತೆ ತೆಗೆಯುತ್ತಿದ್ದರು. ವಾಕ್ಚಿತ್ರದ ವೇಗ 24. ಹಳೆಯ ಸುರುಳಿಯನ್ನು ಹೊಸ ವೇಗದಲ್ಲಿ ಓಡಿಸಿದಾಗ ಮನುಷ್ಯರು ತಡವರಿಸುತ್ತ ಓಡುವಂತೆ ತೋರುತ್ತಾರೆ. ಮೂಕಚಿತ್ರದಲ್ಲಿ ಚಿತ್ರವು ಫಿಲ್ಮಿನ ಪೂರ್ಣ ಅಗಲವನ್ನು ಬಳಸಿಕೊಳ್ಳುತ್ತಿತ್ತು. ಅನಂತರ ಧ್ವನಿಯ ಪಟ್ಟಿಗಾಗಿ ಒಂದು ಅಂಚನ್ನು ಬಿಟ್ಟುಕೊಡಬೇಕಾಯಿತು. ಆದುದರಿಂದ ಧ್ವನಿಸಹಿತವಾಗಿ ಮರುಮುದ್ರಿಸಿದ ಹಳೆಯ ಚಿತ್ರದಲ್ಲಿ ಒಂದು ಪಕ್ಕ ಕತ್ತರಿಸಿದಂತೆ ಕಾಣುವುದುಂಟು. ಅಲ್ಲದೆ, ಕೊಡಕ್ ಕಂಪನಿ 1916ರಿಂದ ತನ್ನ ಫಿಲ್ಮಿನ ಅಂಚಿನಲ್ಲಿ ವೃತ್ತ, ಚೌಕ, ತ್ರಿಕೋನಗಳ ಸಂಕೇತದಿಂದ ತಯಾರಿಕೆಯ ವರ್ಷವನ್ನು ಸೂಚಿಸುತ್ತಿತ್ತು. ಈ ಸಂಕೇತಗಳು 20 ವರ್ಷಗಳಿಗೊಮ್ಮೆ ಪುನರಾವರ್ತನೆಯಾದುವು. ಇವು ತೆರೆಯ ಮೇಲೆ ಕಾಣಿಸುವುದಿಲ್ಲ. ಸಂಗ್ರಹಾಲಯಕ್ಕೆ ಹೋಗಿ ಸುರುಳಿಯನ್ನೇ ನೋಡಬೇಕು. ಮೂಲದ ಸಂಕೇತವೇ ಪ್ರತಿಯಲ್ಲಿಯೂ ಅಚ್ಚಾಗುವ ಸಂಭವವಿರುವುದರಿಂದ ಇದೊಂದನ್ನೇ ನೆಚ್ಚಿ ತೀರ್ಮಾನಿಸಲೂ ಬಾರದು.

ಇಲ್ಲಿ ವಾಚಕರು ಮುಖ್ಯವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ಹಳೆಯ ಚಿತ್ರವೆಂದೊಡನೆ ನಾವು ನಿರೀಕ್ಷಿಸುವ ಗೀರುಗಳು, ಮಿಣುಕು, ಅವಸರದ ನಡಿಗೆ ಇವು ಆ ಚಿತ್ರಗಳ ಸಹಜ ಲಕ್ಷಣಗಳಲ್ಲ. ನಮ್ಮ ಕೈಗೆ ದೊರೆತ ಸವೆದ ಪ್ರತಿಗಳ ದೋಷಗಳು. 1925ರಲ್ಲಿ ಹೊಸ ಚಿತ್ರವೊಂದರ ಮೊದಲ ಪ್ರದರ್ಶನಕ್ಕೆ ಹೋದ ಪ್ರೇಕ್ಷಕನು ಕಂಡುದು ನಿರ್ಮಲವಾದ ಬಿಂಬವನ್ನು. ಎಷ್ಟೋ ವೇಳೆ ರಾತ್ರಿಯ ದೃಶ್ಯಕ್ಕೆ ನೀಲಿ, ಬೆಂಕಿಯ ದೃಶ್ಯಕ್ಕೆ ಕೆಂಪು ಎಂಬಂತೆ ಬಣ್ಣದಲ್ಲಿ ಅದ್ದಿದ ಸುರುಳಿಗಳೂ ಇರುತ್ತಿದ್ದವು. ಹೀಗಿರಲು, ಆಧುನಿಕ ಚಿತ್ರದಲ್ಲಿ ‘ಇಂದೇ ಬಿಡುಗಡೆ’ ಎಂಬ ಭಿತ್ತಿಪತ್ರದ ಹಿಂದೆ ಗೀರುಬಿದ್ದ ಬಿಂಬ ಓಡುತ್ತಿದ್ದರೆ, ಅದನ್ನು ತಯಾರಿಸಿದವನು ಗತಕಾಲವನ್ನಲ್ಲ, ಗತಕಾಲದ ಅವಶೇಷವನ್ನು ಅನುಕರಿಸಿದ್ದಾನೆ ಎಂದು ತಿಳಿಯಬೇಕು. ಗೀರುಗಳ ಸ್ವರೂಪವೂ ಸಾಕ್ಷಿ ನುಡಿಯುತ್ತದೆ. ನಿಜವಾದ ಸವೆತ ಸುರುಳಿಯ ಮೊದಲು ಹಾಗೂ ಕೊನೆಗಳಲ್ಲಿ ಹೆಚ್ಚು, ನಡುವೆ ಕಡಮೆ. ಕೃತಕವಾದ ಗೀರುಗಳು ಎಲ್ಲೆಡೆ ಒಂದೇ ಸಮನಾಗಿ ಹರಡಿರುತ್ತವೆ.

ಈಗ ನಮ್ಮ ದೇಶದ ಕಡೆಗೆ ತಿರುಗೋಣ. ಭಾರತದಲ್ಲಿ 1,300ಕ್ಕೂ ಹೆಚ್ಚು ಮೂಕಚಿತ್ರಗಳು ತಯಾರಾದುವೆಂದೂ, ಪೂರ್ಣವಾಗಿಯೋ ಭಾಗಶಃ ಆಗಿಯೋ ಉಳಿದವು ಸುಮಾರು 30 ಮಾತ್ರವೆಂದೂ ಲೆಕ್ಕಹಾಕಲಾಗಿದೆ. ಉಳಿದವುಗಳ ಗುರುತೂ ನಿರ್ವಿವಾದವಲ್ಲ. ದಾದಾಸಾಹೇಬ ಫಾಲ್ಕೆಯವರ ‘ರಾಜಾ ಹರಿಶ್ಚಂದ್ರ’ 1913ರ ಮೇ 3ರಂದು ಮುಂಬಯಿಯ ಕಾರೊನೇಷನ್ ಚಿತ್ರಮಂದಿರದಲ್ಲಿ ತೆರೆ ಕಂಡಿತು. ಅದರ ನಾಲ್ಕು ರೀಲುಗಳಲ್ಲಿ ಮೊದಲನೆಯದು ಮತ್ತು ಕೊನೆಯದು ಪುಣೆಯ ಸಂಗ್ರಹಾಲಯದಲ್ಲಿ ಉಳಿದಿವೆಯೆಂದು ಬಹುಕಾಲ ನಂಬಲಾಗಿತ್ತು. ಆದರೆ ಫಾಲ್ಕೆಯವರು ಅದೇ ಕಥೆಯನ್ನು 1917ರಲ್ಲಿ ಮತ್ತೊಮ್ಮೆ ಚಿತ್ರಿಸಿದರು. ಉಳಿದಿರುವ ರೀಲುಗಳು ಈ ಎರಡನೆಯ ಚಿತ್ರಕ್ಕೆ ಸೇರಿದವೆಂಬುದು ಕೆಲವು ಇತಿಹಾಸಕಾರರ ಅಭಿಪ್ರಾಯ. ಮೂಲವೆಂದು ಪೂಜಿಸಲ್ಪಟ್ಟುದೇ ಅನಂತರದ ಪ್ರತಿಯಾಗಿರಬಹುದಾದ ಈ ಪ್ರಸಂಗ ಶಾಸನಜ್ಞರಿಗೆ ಚಿರಪರಿಚಿತವಾದ ಮಾದರಿಯದು. ಇದರ ಮೇಲೆ, ಪರೇಶ ಮೊಕಾಶಿಯವರು 2009ರಲ್ಲಿ ತೆಗೆದ ಮರಾಠಿ ಚಿತ್ರ ‘ಹರಿಶ್ಚಂದ್ರಾಚಿ ಫ್ಯಾಕ್ಟರಿ’ ಫಾಲ್ಕೆಯವರ ಚಿತ್ರೀಕರಣವನ್ನು ಪುನಾರಚಿಸಿತು. ಹೀಗೆ ಒಂದೇ ಹರಿಶ್ಚಂದ್ರನಿಗೆ ಮೂರು ಪದರಗಳು ಏರ್ಪಟ್ಟಿವೆ. ತರಗತಿಯಲ್ಲಿ ಯಾವುದನ್ನು ತೋರಿಸುತ್ತಿದ್ದೇವೆಂಬುದನ್ನು ಬೋಧಕನು ಮೊದಲೇ ಹೇಳದಿದ್ದರೆ ವಿದ್ಯಾರ್ಥಿಯ ಮನಸ್ಸಿನಲ್ಲಿ ಮೂರೂ ಒಂದಾಗಿಬಿಡುತ್ತವೆ.

ದಕ್ಷಿಣ ಭಾರತದ ಉದಾಹರಣೆ ಇದಕ್ಕಿಂತಲೂ ಗಂಭೀರವಾದುದು. ಜೆ. ಸಿ. ಡೇನಿಯಲ್ ತಿರುವನಂತಪುರದಲ್ಲಿ ತಯಾರಿಸಿದ ‘ವಿಗತಕುಮಾರನ್’ ಮಲಯಾಳದ ಮೊದಲ ಚಿತ್ರ. ಅದರ ಪ್ರದರ್ಶನದ ವರ್ಷ 1928 ಎಂದು ಕೆಲವರೂ 1930 ಎಂದು ಕೆಲವರೂ ವಾದಿಸುತ್ತಾರೆ. ಅದರ ಪ್ರತಿ ಉಳಿದಿಲ್ಲ. ದಲಿತ ಸಮುದಾಯಕ್ಕೆ ಸೇರಿದ ಪಿ. ಕೆ. ರೋಸಿ ಅದರಲ್ಲಿ ನಾಯರ್ ಕುಲದ ಹೆಣ್ಣಿನ ಪಾತ್ರ ವಹಿಸಿದ್ದಳೆಂಬ ಕಾರಣಕ್ಕೆ ಮೇಲುಜಾತಿಯವರ ಕೋಪಕ್ಕೆ ತುತ್ತಾಗಿ ಊರನ್ನೇ ಬಿಡಬೇಕಾಯಿತು. 2013ರಲ್ಲಿ ಕಮಲ್ ನಿರ್ದೇಶಿಸಿದ ‘ಸೆಲ್ಯುಲಾಯ್ಡ್’ ಈ ವೃತ್ತಾಂತವನ್ನು ಚಿತ್ರಿಸಿ, ನಷ್ಟವಾದ ಚಿತ್ರದ ದೃಶ್ಯಗಳನ್ನೂ ಮತ್ತೆ ಆಡಿಸಿ ತೋರಿಸಿತು. ಮರೆತುಹೋಗಿದ್ದ ಇಬ್ಬರನ್ನು ಜನರ ನೆನಪಿಗೆ ತಂದ ಶ್ರೇಯಸ್ಸು ಆ ಚಿತ್ರಕ್ಕೆ ಸಲ್ಲಬೇಕು. ಆದರೆ ರೋಸಿಯದೆಂದು ಪ್ರಚಾರದಲ್ಲಿರುವ ಭಾವಚಿತ್ರದ ವಿಷಯದಲ್ಲಿಯೇ ವಿವಾದವಿರುವಾಗ, ಪ್ರೇಕ್ಷಕರ ಮನಸ್ಸಿನಲ್ಲಿ ನೆಲೆಯಾಗುವುದು ಆ ಪಾತ್ರ ವಹಿಸಿದ ನಟಿಯ ಮುಖ. ಒಮ್ಮೆ ತೆರೆಯಿಂದ ಓಡಿಸಲ್ಪಟ್ಟವಳ ಮುಖವನ್ನು ಮತ್ತೊಂದು ಮುಖ ಮುಚ್ಚುವುದು, ಅದು ಸದುದ್ದೇಶದಿಂದಲೇ ಆಗಿದ್ದರೂ, ಇತಿಹಾಸಕಾರನು ಗುರುತಿಸಿ ಹೇಳಬೇಕಾದ ಸಂಗತಿ.

ಇನ್ನು ಬೆಂಗಳೂರು. ಇಂದು ಮಹಾನಗರದಲ್ಲಿ ಸೇರಿಹೋಗಿರುವ ಕಗ್ಗದಾಸಪುರ ಮೂಕಚಿತ್ರಗಳ ಕಾಲದಲ್ಲಿ ದಂಡಿನ ಪೂರ್ವಕ್ಕೆ ಕೆರೆಯೊಂದನ್ನು ಆಶ್ರಯಿಸಿದ್ದ ಹಳ್ಳಿ. ಅಲ್ಲಿಂದ ಹಲಸೂರನ್ನು ಹಾದು ಪಶ್ಚಿಮಕ್ಕೆ ಬಂದರೆ, ಆಗ ಬ್ಲ್ಯಾಕ್‌ಪಲ್ಲಿ ಎನಿಸಿಕೊಂಡಿದ್ದ ಇಂದಿನ ಶಿವಾಜಿನಗರ. 1896ರಲ್ಲಿ ಅಲ್ಲಿ ಕಟ್ಟಲ್ಪಟ್ಟ ಎಲ್ಗಿನ್ ಸಭಾಂಗಣ ಮೊದಲು ನಾಟಕ ನೃತ್ಯಗಳಿಗೂ ಅನಂತರ ಮೂಕಚಿತ್ರಗಳಿಗೂ ನೆಲೆಯಾಗಿ, ವಾಕ್ಚಿತ್ರ ಬಂದ ಮೇಲೆ ಎಲ್ಗಿನ್ ಟಾಕೀಸ್ ಎಂದು ಪ್ರಸಿದ್ಧವಾಯಿತು. ದಂಡುಪ್ರದೇಶ 1881ರಿಂದ 1947ರವರೆಗೆ ಬ್ರಿಟಿಷ್ ರೆಸಿಡೆಂಟರ ಆಡಳಿತಕ್ಕೂ, ಪೇಟೆ ಮೈಸೂರು ಸಂಸ್ಥಾನಕ್ಕೂ ಒಳಪಟ್ಟಿದ್ದುವು. ಆದುದರಿಂದ ಒಂದೇ ಊರಿನ ಚಿತ್ರಪ್ರದರ್ಶನದ ಇತಿಹಾಸವನ್ನು ಎರಡು ಆಡಳಿತಗಳ ಕಡತಗಳಲ್ಲಿ ಹುಡುಕಬೇಕಾಗುತ್ತದೆ. ಪ್ರೇಕ್ಷಕವರ್ಗವೂ ಒಂದೇ ಬಗೆಯದಾಗಿರಲಿಲ್ಲ. ದಂಡಿನಲ್ಲಿ ತಮಿಳು, ಉರ್ದು, ತೆಲುಗು, ಕನ್ನಡ, ಇಂಗ್ಲಿಷ್ ಎಲ್ಲವೂ ಕೇಳಿಬರುತ್ತಿದ್ದುವು. ಭಾರತೀಯ ಮೂಕಚಿತ್ರಗಳ ಬರಹಫಲಕಗಳಲ್ಲಿ ಒಂದಕ್ಕಿಂತ ಹೆಚ್ಚು ಭಾಷೆಗಳನ್ನು ಬಳಸುತ್ತಿದ್ದರು. ಓದುಬಾರದವರಿಗಾಗಿ ಅವನ್ನು ಗಟ್ಟಿಯಾಗಿ ಓದಿ ವಿವರಿಸುವವರೂ ಇರುತ್ತಿದ್ದರು. 1920ರ ದಶಕದ ದಂಡನ್ನು ಚಿತ್ರಿಸುವ ಕೃತಿಯೊಂದರಲ್ಲಿ ತೆರೆಯ ಮೇಲೆ ಕೇವಲ ಕನ್ನಡದ ಬರಹಫಲಕಗಳು, ಅದೂ ಇಂದಿನ ಅಚ್ಚಿನ ಮೊಳೆಗಳಲ್ಲಿ, ಕಂಡರೆ ಅದು ಪುನಾರಚನೆಯೆಂದು ಅನುಮಾನಿಸಬಹುದು.

ಈ ನಗರದಲ್ಲಿ ಪ್ರದರ್ಶನ ಮಾತ್ರವಲ್ಲ, ತಯಾರಿಕೆಯೂ ನಡೆಯಿತು. ಹರಿಭಾಯಿ ದೇಸಾಯಿಯವರ ಸೂರ್ಯ ಫಿಲ್ಮ್ ಕಂಪನಿ ಇಲ್ಲಿ ಮೂಕಚಿತ್ರಗಳನ್ನು ತೆಗೆಯಿತು. ಗುಬ್ಬಿ ವೀರಣ್ಣನವರು ‘ಹಿಸ್ ಲವ್ ಅಫೇರ್’, ‘ಹರಿಮಾಯಾ’ ಮೊದಲಾದ ಮೂಕಚಿತ್ರಗಳೊಡನೆ ತಮ್ಮ ರಂಗಕೌಶಲವನ್ನು ಹೊಸ ಮಾಧ್ಯಮಕ್ಕೆ ತಂದರು. ಮೋಹನ್ ಭವನಾನಿ ಶೂದ್ರಕನ ಮೃಚ್ಛಕಟಿಕವನ್ನು ಆಧರಿಸಿ 1931ರ ಸುಮಾರಿಗೆ ‘ವಸಂತಸೇನಾ’ವನ್ನು ಹೊರತಂದರು. ಟಿ. ಪಿ. ಕೈಲಾಸಂ, ಮಂಗಳೂರಿನವರಾದ ಕಮಲಾದೇವಿ ಚಟ್ಟೋಪಾಧ್ಯಾಯ, ಏಣಾಕ್ಷಿ ರಾಮರಾವ್ ಅದರಲ್ಲಿ ನಟಿಸಿದರು. 1934ರ ಮಾರ್ಚ್ 3ರಂದು ಬೆಂಗಳೂರಿನ ಪೇಟೆಯ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನಾ’ ತೆರೆ ಕಂಡೊಡನೆ ಈ ಅಧ್ಯಾಯ ಮುಗಿಯುತ್ತ ಬಂದಿತು. ರಾಷ್ಟ್ರೀಯ ಚಲಚ್ಚಿತ್ರ ಸಂಗ್ರಹಾಲಯ ಪುಣೆಯಲ್ಲಿ ಸ್ಥಾಪಿತವಾದುದು 1964ರಲ್ಲಿ, ಅಂದರೆ 30 ವರ್ಷಗಳ ಅನಂತರ. ಅಷ್ಟರಲ್ಲಿ ಹೋಗಬೇಕಾದುದೆಲ್ಲ ಹೋಗಿತ್ತು. ‘ಸತಿ ಸುಲೋಚನಾ’ದ ಪ್ರತಿಯೂ ಉಳಿಯಲಿಲ್ಲ. ನಾಟಕಕಾರ ಕೈಲಾಸಂ ತೆರೆಯ ಮೇಲೆ ನಡೆದಾಡಿದ ಬಗೆಯನ್ನು ಇಂದು ನಾವು ನೋಡಲಾರೆವು.

ಆದರೆ ಗುರುತಿಸುವಿಕೆಗೆ ಬೇಕಾದ ಸಾಧನಗಳು ಇಲ್ಲವೆಂದಲ್ಲ. ಏಣಾಕ್ಷಿ ರಾಮರಾವ್ ಅವರು ಫ್ರಾಂಜ್ ಓಸ್ಟೆನ್ ನಿರ್ದೇಶಿಸಿದ 1928ರ ‘ಶಿರಾಜ್’ ಚಿತ್ರದಲ್ಲಿಯೂ ನಟಿಸಿದ್ದಾರೆ. ಅದೃಷ್ಟವಶಾತ್ ಆ ಚಿತ್ರ ಉಳಿದಿದೆ. 2017ರಲ್ಲಿ ಬ್ರಿಟಿಷ್ ಫಿಲ್ಮ್ ಇನ್ಸ್ಟಿಟ್ಯೂಟ್ ಅದನ್ನು ಜೀರ್ಣೋದ್ಧಾರ ಮಾಡಿತು. ಎಂದಾದರೊಂದು ದಿನ ಹೆಸರಿಲ್ಲದ ಸುರುಳಿಯ ತುಣುಕೊಂದು ದೊರೆತು, ಅದರಲ್ಲಿ ಇದೇ ಮುಖ, ಜತೆಗೆ ಭಾವಚಿತ್ರಗಳಿಂದ ನಾವು ಬಲ್ಲ ಕೈಲಾಸಂ ಮತ್ತು ಕಮಲಾದೇವಿಯವರ ಮುಖಗಳು ಕಂಡುಬಂದರೆ, ಅದು ‘ವಸಂತಸೇನಾ’ ಎಂದು ನಿರ್ಣಯಿಸಲು ಬಲವಾದ ಆಧಾರ ದೊರೆತಂತಾಗುವುದು. ಇದು ಬರಿಯ ಆಸೆಯಲ್ಲ. ಕಿನುಗಸಾ ತೆಯಿನೊಸುಕೆ 1926ರಲ್ಲಿ ತೆಗೆದ, ನಷ್ಟವಾಯಿತೆಂದೇ ಎಲ್ಲರೂ ಭಾವಿಸಿದ್ದ ‘ಕುರುತ್ತ ಇಪ್ಪೇಜಿ’ 1971ರಲ್ಲಿ ನಿರ್ದೇಶಕನ ಸ್ವಂತ ಉಗ್ರಾಣದಲ್ಲಿಯೇ ದೊರೆಯಿತು. ನೆರೆಯ ಕೇರಳದ ‘ಮಾರ್ತಾಂಡವರ್ಮ’ ಎಂಬ ಮೂಕಚಿತ್ರ ಕಾದಂಬರಿಯ ಹಕ್ಕುಸ್ವಾಮ್ಯದ ವ್ಯಾಜ್ಯದಿಂದ ಪ್ರದರ್ಶನ ನಿಂತು, ಪ್ರಕಾಶಕರ ವಶದಲ್ಲಿ ಮೂಲೆಗೆ ಬಿದ್ದಿದ್ದು 1974ರಲ್ಲಿ ಸಂಗ್ರಹಾಲಯಕ್ಕೆ ಸೇರಿತು. ಜನರ ಕೈಗೆ ಸಿಕ್ಕದಂತೆ ಮಾಡಿದ ವ್ಯಾಜ್ಯವೇ ಅದನ್ನು ಕಾಪಾಡಿತೆಂದು ಹೇಳಬೇಕು.

ಅಂತಹ ದಿನ ಬರುವ ಮೊದಲೇ ಯಾರಾದರೂ ಕೈಲಾಸಂ ಅವರ ಜೀವನವನ್ನೋ ಹಳೆಯ ಬೆಂಗಳೂರಿನ ಕಥೆಯನ್ನೋ ಚಿತ್ರಿಸುತ್ತ ‘ವಸಂತಸೇನಾ’ದ ದೃಶ್ಯಗಳನ್ನು ಹೊಸದಾಗಿ ತೆಗೆಯಬಹುದು. ಅದಕ್ಕೆ ಇತಿಹಾಸಕಾರನ ಆಕ್ಷೇಪಣೆ ಇರಬೇಕಾಗಿಲ್ಲ. ಪುನಾರಚನೆ ಕಲಾವಿದನ ಹಕ್ಕು. ಆದರೆ ಚಿತ್ರದ ಕೊನೆಯ ಫಲಕಗಳಲ್ಲಿ, ಯಾವುದು ಮೂಲ, ಯಾವುದು ಹೊಸದಾಗಿ ತೆಗೆದುದು ಎಂಬುದನ್ನು ಸ್ಪಷ್ಟವಾಗಿ ನಮೂದಿಸುವುದು ಆವಶ್ಯಕ. ಸೂಕ್ಷ್ಮ ಗಣಕಯಂತ್ರಗಳ ನೆರವಿನಿಂದ ಸತ್ತವರ ಮುಖವನ್ನೂ ಚಲಿಸುವಂತೆ ಮಾಡಬಹುದಾದ ಈ ಕಾಲದಲ್ಲಿ ಆ ನಮೂದು ಇಲ್ಲದಿದ್ದರೆ, ಕೆಲವೇ ವರ್ಷಗಳಲ್ಲಿ ನಕಲು ಮೂಲವೆಂದು ಉಲ್ಲೇಖಿಸಲ್ಪಡುವುದು.

ಬೋಧಕರು ಮಾಡಬಹುದಾದ ಕೆಲಸ ಎರಡು ಬಗೆಯದು. ತರಗತಿಯಲ್ಲಿ ಇಂತಹ ತುಣುಕನ್ನು ತೋರಿಸುವಾಗ, ಶಾಸನದ ಪಾಠಕ್ಕೆ ಮೊದಲು ಅದರ ಸ್ಥಳ, ಕಾಲ, ಲಿಪಿಗಳನ್ನು ಹೇಳುವಂತೆ, ಅದು ಮೂರು ವರ್ಗಗಳಲ್ಲಿ ಯಾವುದಕ್ಕೆ ಸೇರಿದುದೆಂದು ತಿಳಿಸುವುದು ಒಂದು. ಹಲಸೂರು, ಶಿವಾಜಿನಗರ, ಫ್ರೇಜರ್ ಟೌನ್‌ಗಳ ಹಳೆಯ ಮನೆಗಳಲ್ಲಿ ಇನ್ನೂ ಉಳಿದಿರಬಹುದಾದ ಕರಪತ್ರ, ಟಿಕೆಟ್ಟಿನ ಚೂರು, ಭಾವಚಿತ್ರ, ಪತ್ರಿಕೆಯ ಜಾಹೀರಾತುಗಳನ್ನು ವಿದ್ಯಾರ್ಥಿಗಳ ಮೂಲಕ ಪಟ್ಟಿಮಾಡಿಸುವುದು ಮತ್ತೊಂದು. ಸುರುಳಿ ದೊರೆಯದಿದ್ದರೂ, ದೊರೆತಾಗ ಅದನ್ನು ಗುರುತಿಸಲು ಬೇಕಾಗುವುದು ಈ ಚಿಲ್ಲರೆ ಕಾಗದಗಳೇ. ಇವುಗಳ ಸಂಗ್ರಹಕ್ಕೆ ದೊಡ್ಡ ಧನಸಹಾಯ ಬೇಕಾಗಿಲ್ಲ. ಆದರೆ ಆ ಮನೆಗಳು ಒಂದೊಂದಾಗಿ ಕೆಡವಲ್ಪಡುತ್ತಿರುವುದರಿಂದ ಈ ಕಾರ್ಯವನ್ನು ಮುಂದೂಡುವಂತಿಲ್ಲ.